ವಲಸಿಗರ ಬಡಾವಣೆಯ ಚರಿತ್ರೆ: ವಿದ್ಯಾರ್ಥಿಗಳು ಜನಾಂಗದಿಂದ ಹೊರಡಬೇಕೇ, ವಿಳಾಸದಿಂದ ಹೊರಡಬೇಕೇ?

ಚರ್ಚೆ ಆರಂಭಿಸಿದವರು: ಇತಿಹಾಸ ಅಧ್ಯಾಪಕಿ, ಷಿಕಾಗೊ

ಎಲ್ಲರಿಗೂ ನಮಸ್ಕಾರ. ನಮ್ಮ ಪದವಿ ತರಗತಿಯ ವಿದ್ಯಾರ್ಥಿಗಳು ಷಿಕಾಗೊ ನಗರದ ನಿಯರ್ ವೆಸ್ಟ್ ಸೈಡ್ ಭಾಗದ ಚರಿತ್ರೆಯನ್ನು ಶೋಧಿಸಿ, ಯಾರು ಬೇಕಾದರೂ ತೆರೆದು ನೋಡಬಹುದಾದ ಡಿಜಿಟಲ್ ನಕ್ಷೆಯೊಂದನ್ನು ಸಿದ್ಧಪಡಿಸಲು ಹೊರಟಿದ್ದಾರೆ. ಐರಿಷರು, ಜರ್ಮನರು, ಬೊಹೀಮಿಯನ್ನರು (ಇಂದಿನ ಚೆಕ್ ನಾಡಿನವರು), ರಷ್ಯಾದಿಂದ ಬಂದ ಯಹೂದಿಗಳು, ಇಟಾಲಿಯನ್ನರು, ಗ್ರೀಕರು, ಮೆಕ್ಸಿಕನ್ನರು ಒಬ್ಬರ ಹಿಂದೊಬ್ಬರು ಬಂದು ನೆಲೆಸಿದ ಜಾಗ ಅದು. ವಿದ್ಯಾರ್ಥಿಗಳು ಮೊದಲು ತಂದ ಯೋಜನೆ ಸಹಜವಾಗಿಯೇ ಹೀಗಿತ್ತು: ಒಂದೊಂದು ಗುಂಪು ಒಂದೊಂದು ಜನಾಂಗವನ್ನು ಹಂಚಿಕೊಳ್ಳುವುದು, ಪ್ರತಿ ಜನಾಂಗಕ್ಕೂ ಒಂದು ಪುಟ, ಪ್ರತಿ ಪುಟದಲ್ಲಿ ಬಂದ ಕಾರಣ, ಮಾಡಿದ ಕಸುಬು, ಕಟ್ಟಿದ ಚರ್ಚು, ಕೊನೆಗೆ ಬಿಟ್ಟುಹೋದ ಕಾಲ.

ಈ ಯೋಜನೆಯನ್ನು ನಾನು ಒಪ್ಪಲಿಲ್ಲ. ಅದಕ್ಕೆ ಬದಲಾಗಿ ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ವಿಳಾಸವನ್ನು ಹಿಡಿದು, ಆ ನಿವೇಶನದಲ್ಲಿ ಯಾರು ಯಾರು ಬಾಳಿದರು, ಏನು ಮಾರಿದರು, ಯಾರು ಯಾರಿಗೆ ಬಾಡಿಗೆ ಕೊಟ್ಟರು ಎಂಬುದನ್ನು ಕಾಲಕ್ರಮದಲ್ಲಿ ಬರೆಯಬೇಕೆಂದು ಸೂಚಿಸಿದ್ದೇನೆ. ಜನಾಂಗದಿಂದ ಹೊರಟರೆ ಪ್ರತಿಯೊಂದು ಸಮುದಾಯವೂ ಗೋಡೆ ಕಟ್ಟಿಕೊಂಡು ಒಂಟಿಯಾಗಿ ಬದುಕಿದಂತೆ ಕಾಣುತ್ತದೆ. ಒಂದೇ ಮನೆಯ ಮಹಡಿಯ ಮೇಲೆ ಒಬ್ಬರು, ಹಿಂಬದಿಯ ಕೋಣೆಯಲ್ಲಿ ಇನ್ನೊಬ್ಬರು ಇದ್ದರೆಂಬ ಸಂಗತಿಯೇ ಪುಟಗಳ ನಡುವೆ ಕಾಣೆಯಾಗುತ್ತದೆ.

ಇದಕ್ಕೆ ಆಧಾರ ಅದೇ ಬಡಾವಣೆಯಲ್ಲಿದೆ. ಸಮಾಜ ಸುಧಾರಕಿಯರಾದ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಹಾಲ್‌ಸ್ಟೆಡ್ ಬೀದಿಯಲ್ಲಿ ಹಲ್ ಹೌಸ್ ಎಂಬ ಸೇವಾ ನೆಲೆಯನ್ನು ತೆರೆದರು. ಅಲ್ಲೇ ವಾಸವಿದ್ದ ಫ್ಲಾರೆನ್ಸ್ ಕೆಲಿಯವರ ಮೇಲ್ವಿಚಾರಣೆಯಲ್ಲಿ 1893ರಲ್ಲಿ ಸುತ್ತಲಿನ ಬೀದಿಗಳ ಮನೆಮನೆಯ ಸಮೀಕ್ಷೆ ನಡೆಯಿತು. ಅದರ ಫಲವಾಗಿ 1895ರಲ್ಲಿ ಒಂದು ಪುಸ್ತಕವೂ ಅದರೊಂದಿಗೆ ಬಣ್ಣದ ಎರಡು ನಕ್ಷೆಗಳೂ ಪ್ರಕಟವಾದವು. ಒಂದು ಯಾವ ನಿವೇಶನದಲ್ಲಿ ಯಾವ ದೇಶದವರಿದ್ದಾರೆಂದು ತೋರಿಸಿದರೆ, ಇನ್ನೊಂದು ಪ್ರತಿ ಕುಟುಂಬದ ವಾರದ ಗಳಿಕೆಯನ್ನು ಐದು ಡಾಲರಿಗಿಂತ ಕೆಳಗಿನಿಂದ ಇಪ್ಪತ್ತು ಡಾಲರಿಗಿಂತ ಮೇಲಿನವರೆಗೆ ಬಣ್ಣಗಳಲ್ಲಿ ವಿಂಗಡಿಸಿ ತೋರಿಸಿತು. ಮೊದಲ ನಕ್ಷೆಯನ್ನು ಹಿಗ್ಗಿಸಿ ನೋಡಿದರೆ ಎಷ್ಟೋ ನಿವೇಶನಗಳು ಒಂದೇ ಬಣ್ಣದಲ್ಲಿಲ್ಲ. ಎರಡು ಮೂರು ಪಟ್ಟೆಗಳಾಗಿ ಸೀಳಿಕೊಂಡಿವೆ. ಹದಿನೆಂಟು ದೇಶಗಳ ಜನ ಅಷ್ಟು ಚಿಕ್ಕ ಜಾಗದಲ್ಲಿದ್ದರೆಂದು ಆ ಪುಸ್ತಕವೇ ಹೇಳುತ್ತದೆ.

ಆದರೆ ಆ ನಕ್ಷೆಯನ್ನೂ ಹಾಗೆಯೇ ನಂಬುವಂತಿಲ್ಲ. ಅದರ ಟಿಪ್ಪಣಿಯ ಪ್ರಕಾರ, ವಲಸಿಗರಿಗೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಹತ್ತು ವರ್ಷ ದಾಟಿದ್ದರೆ, ಅಥವಾ ಅದಕ್ಕಿಂತ ಚಿಕ್ಕವರಾಗಿದ್ದು ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ, ಅವರನ್ನು ಇಂಗ್ಲಿಷ್ ಮಾತಾಡುವವರ ಬಣ್ಣದಲ್ಲಿ ಸೇರಿಸಲಾಗಿದೆ. ಅಂದರೆ ಒಂದೇ ಊಟದ ಮೇಜಿನ ಸುತ್ತ ಕುಳಿತ ತಾಯಿ ಒಂದು ಬಣ್ಣ, ಮಗಳು ಇನ್ನೊಂದು ಬಣ್ಣ. ಇದನ್ನು ತಿಳಿಯದೆ ನಕ್ಷೆ ಓದಿದ ವಿದ್ಯಾರ್ಥಿ ಆ ಮನೆಯಲ್ಲಿ ಎರಡು ಬೇರೆ ಬೇರೆ ಕುಟುಂಬಗಳಿದ್ದವೆಂದು ಬರೆದುಬಿಡುತ್ತಾನೆ.

ಇಂಥ ಕೆಲಸ ಮಾಡಿದವರು, ಮಾಡಿಸಿದವರು ಇಲ್ಲಿ ಹಲವರಿದ್ದೀರಿ. ವಿಳಾಸದಿಂದ ಹೊರಡುವ ಈ ಕ್ರಮದಲ್ಲಿ ನಿಮಗೆ ಕಾಣುವ ತೊಡಕುಗಳನ್ನು ತಿಳಿಸಬೇಕೆಂದು ಕೋರುತ್ತೇನೆ.

ಪತ್ರಾಗಾರದ ಉದ್ಯೋಗಿ

ಮೇಡಂ, ಕ್ರಮ ಸರಿಯಾಗಿದೆ. ಆದರೆ ವಿದ್ಯಾರ್ಥಿಗಳು ಮೊದಲ ವಾರವೇ ಎಡವುವ ಜಾಗವೊಂದಿದೆ. ಷಿಕಾಗೊ ನಗರವು 1909ರಲ್ಲಿ ಮನೆ ಸಂಖ್ಯೆಗಳನ್ನೆಲ್ಲ ಬದಲಾಯಿಸಿತು. ಸ್ಟೇಟ್ ಬೀದಿ ಮತ್ತು ಮ್ಯಾಡಿಸನ್ ಬೀದಿ ಕೂಡುವಲ್ಲಿಂದ ಎಣಿಕೆ ಆರಂಭಿಸಿ, ಒಂದು ಮೈಲಿಗೆ ಎಂಟುನೂರು ಸಂಖ್ಯೆಗಳ ಲೆಕ್ಕದಲ್ಲಿ ಇಡೀ ನಗರಕ್ಕೆ ಹೊಸ ಸಂಖ್ಯೆಗಳನ್ನು ಕೊಡಲಾಯಿತು. ಹಲ್ ಹೌಸ್‌ನ ಹಳೆಯ ವಿಳಾಸ 335, ಸೌತ್ ಹಾಲ್‌ಸ್ಟೆಡ್. ಹೊಸದು 800, ಸೌತ್ ಹಾಲ್‌ಸ್ಟೆಡ್. ಕಟ್ಟಡ ಒಂದಿಂಚೂ ಕದಲಿಲ್ಲ. 1900ರ ಜನಗಣತಿಯಲ್ಲಿ ಸಿಕ್ಕ ಸಂಖ್ಯೆಯನ್ನು ಇಂದಿನ ಆನ್‌ಲೈನ್ ನಕ್ಷೆಯಲ್ಲಿ ಹುಡುಕಿದರೆ ಬೇರೆಯವರ ಮನೆಯ ಮೇಲೆ ಚುಕ್ಕೆ ಬೀಳುತ್ತದೆ. ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಅಕ್ಕಪಕ್ಕ ಕೊಡುವ ಪಟ್ಟಿಯ ಪುಸ್ತಕ ಆಗಲೇ ಅಚ್ಚಾಗಿದೆ; ಅದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿರಬೇಕು. ಬೀದಿಗಳ ಹೆಸರೂ ಬದಲಾಗಿವೆ. ಹಳೆಯ ದಾಖಲೆಗಳ ಹನ್ನೆರಡನೇ ಬೀದಿಯೇ ಇಂದಿನ ರೂಸ್‌ವೆಲ್ಟ್ ರಸ್ತೆ.

ಜನಗಣತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಮೆರಿಕದಲ್ಲಿ ಹೆಸರುಗಳಿರುವ ಗಣತಿ ಹಾಳೆಗಳು ಎಪ್ಪತ್ತೆರಡು ವರ್ಷಗಳ ನಂತರವಷ್ಟೇ ಸಾರ್ವಜನಿಕವಾಗುತ್ತವೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ತೆರೆದವು. 1890ರ ಹಾಳೆಗಳಾದರೋ ವಾಷಿಂಗ್ಟನ್‌ನಲ್ಲಿ 1921ರಲ್ಲಿ ಆದ ಬೆಂಕಿ ಅನಾಹುತದ ಪರಿಣಾಮವಾಗಿ ಬಹುತೇಕ ನಾಶವಾದವು. 1880ರಿಂದ 1900ರವರೆಗಿನ ಇಪ್ಪತ್ತು ವರ್ಷ, ಅಂದರೆ ಈ ಬಡಾವಣೆಗೆ ಜನ ಅತಿ ವೇಗವಾಗಿ ಬಂದು ತುಂಬಿಕೊಂಡ ಕಾಲವೇ, ಹೆಸರಿನ ಗಣತಿಯಿಲ್ಲದೆ ಬರಿದಾಗಿದೆ. ನೀವು ಹೇಳಿದ 1893ರ ಸಮೀಕ್ಷೆ ಸರಿಯಾಗಿ ಆ ಬರಿದಾದ ಕಾಲದ ನಡುವೆ ಬಂದು ನಿಲ್ಲುತ್ತದೆ. ಅದರ ನಕ್ಷೆಗಳಲ್ಲಿ ಹೆಸರುಗಳಿಲ್ಲ, ಆದರೆ ನಿವೇಶನಗಳಿವೆ. 1900ರ ಗಣತಿಯಲ್ಲಿ ಹೆಸರುಗಳಿವೆ. ಎರಡನ್ನೂ ಕೂಡಿಸಲು ವಿಳಾಸವೊಂದೇ ದಾರಿ. ನಿಮ್ಮ ಕ್ರಮವನ್ನು ನಾನು ಬೆಂಬಲಿಸಲು ಮುಖ್ಯ ಕಾರಣ ಇದೇ.

ಗಣತಿ ಹಾಳೆಯ ಎಡ ಅಂಚಿನಲ್ಲಿ ಬೀದಿಯ ಹೆಸರನ್ನು ಅಡ್ಡ ತಿರುಗಿಸಿ, ಕೆಳಗಿನಿಂದ ಮೇಲಕ್ಕೆ ಬರೆದಿರುತ್ತಾರೆ. ಹೆಸರುಗಳನ್ನಷ್ಟೇ ನಕಲು ಮಾಡಿಕೊಂಡ ಡೇಟಾಬೇಸ್‌ಗಳಲ್ಲಿ ಅದು ಎಷ್ಟೋ ಸಲ ಬಿಟ್ಟುಹೋಗಿರುವುದರಿಂದ ವಿದ್ಯಾರ್ಥಿಗಳು ಹುಡುಕಾಟದ ಫಲಿತಾಂಶವನ್ನು ನೆಚ್ಚಿಕೊಳ್ಳದೆ ಮೂಲ ಹಾಳೆಯ ಚಿತ್ರವನ್ನು ತೆರೆದು ನೋಡಬೇಕು. 1900ರಿಂದ 1930ರವರೆಗಿನ ಗಣತಿಗಳಲ್ಲಿ ದೇಶಕ್ಕೆ ಬಂದ ವರ್ಷ, ಪೌರತ್ವದ ಸ್ಥಿತಿ ಎರಡೂ ಇವೆ. 1910 ಮತ್ತು 1920ರಲ್ಲಿ ಮಾತೃಭಾಷೆಯನ್ನೂ ಕೇಳಿದ್ದಾರೆ. ರಷ್ಯಾದವರೆಂದು ಬರೆಸಿದವರಲ್ಲಿ ಯಹೂದಿಗಳ ಯಿಡ್ಡಿಷ್ ಭಾಷೆ ಮಾತಾಡುವವರು ಯಾರು, ಪೋಲಿಷ್ ಮಾತಾಡುವವರು ಯಾರು ಎಂಬುದು ಅಲ್ಲಿ ಬಿಡಿಸಿಕೊಳ್ಳುತ್ತದೆ. ಇದರ ಜೊತೆಗೆ ಸ್ಯಾನ್‌ಬಾರ್ನ್ ಕಂಪನಿಯವರು ಬೆಂಕಿ ವಿಮೆಗಾಗಿ ತಯಾರಿಸಿದ ನಕ್ಷೆಗಳನ್ನು ಇಟ್ಟುಕೊಳ್ಳಿ. ಅವುಗಳಲ್ಲಿ ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ ಕಟ್ಟಡಕ್ಕೆ ಹಳದಿ. ಎಷ್ಟು ಅಂತಸ್ತು, ಹಿಂದೆ ಕುದುರೆ ಲಾಯವಿತ್ತೇ, ಕೆಳಗೆ ಅಂಗಡಿಯಿತ್ತೇ ಎಂಬುದೆಲ್ಲ ಗುರುತಾಗಿರುತ್ತದೆ.

ಎಂ.ಎ. ವಿದ್ಯಾರ್ಥಿನಿ

ನಾನು ಬೇರೊಂದು ನಗರದ ಇಟಾಲಿಯನ್ ಕುಟುಂಬಗಳ ಮೇಲೆ ಇಂಥದ್ದೇ ಕೆಲಸ ಮಾಡುತ್ತಿದ್ದೇನೆ. ಪೌರತ್ವದ ಅರ್ಜಿಗಳಲ್ಲಿ ಗಂಡಸರು ಸಿಗುತ್ತಾರೆ, ಹೆಂಗಸರು ಸಿಗುವುದೇ ಇಲ್ಲ. ಹೀಗೇ ಆದರೆ ನಮ್ಮ ಪುಟಗಳ ತುಂಬ ಗಂಡಸರೇ ಉಳಿಯುತ್ತಾರೆ. ಇದಕ್ಕೆ ಪರಿಹಾರವೇನು?

ಪತ್ರಾಗಾರದ ಉದ್ಯೋಗಿ

ಅದು ನಿಮ್ಮ ಹುಡುಕಾಟದ ಕೊರತೆಯಲ್ಲ, ಕಾನೂನಿನ ಪರಿಣಾಮ. 1922ರ ಸೆಪ್ಟೆಂಬರಿನಲ್ಲಿ, ವಿವಾಹಿತ ಸ್ತ್ರೀಯರ ಪೌರತ್ವದ ಬಗೆಗಿನ ಕೇಬಲ್ ಕಾಯಿದೆ ಬರುವವರೆಗೆ ವಿವಾಹಿತ ಸ್ತ್ರೀಗೆ ಪೌರತ್ವ ಸಾಮಾನ್ಯವಾಗಿ ಗಂಡನ ಮೂಲಕವೇ ಬರುತ್ತಿತ್ತು. ಅವಳ ಹೆಸರಿನಲ್ಲಿ ಬೇರೆ ಅರ್ಜಿ ಇರುತ್ತಿರಲಿಲ್ಲ. 1907ರ ಕಾಯಿದೆಯಂತೂ ಅಮೆರಿಕದಲ್ಲೇ ಹುಟ್ಟಿದ ಹೆಣ್ಣು ವಿದೇಶೀಯನನ್ನು ಮದುವೆಯಾದರೆ ಅವಳ ಪೌರತ್ವವನ್ನೇ ಕಿತ್ತುಕೊಳ್ಳುತ್ತಿತ್ತು. ಹಾಗಾಗಿ ಹೆಂಗಸರನ್ನು ಬೇರೆ ಕಡೆ ಹುಡುಕಬೇಕು: ಗಣತಿಯ ಕಸುಬಿನ ಕಾಲಂ, ಚರ್ಚಿನ ಮದುವೆ ಮತ್ತು ದೀಕ್ಷಾಸ್ನಾನದ ಪುಸ್ತಕ, ಕಾರ್ಖಾನೆ ತಪಾಸಣೆಯ ವರದಿಗಳು. ಇಲಿನಾಯ್ ರಾಜ್ಯದ ಮೊದಲ ಮುಖ್ಯ ಕಾರ್ಖಾನೆ ತಪಾಸಕರಾಗಿ 1893ರಲ್ಲಿ ನೇಮಕವಾದವರು ಹಲ್ ಹೌಸ್‌ನ ಅದೇ ಫ್ಲಾರೆನ್ಸ್ ಕೆಲಿ. ಮನೆಯಲ್ಲೇ ಕುಳಿತು ಗುತ್ತಿಗೆಯ ಮೇಲೆ ಬಟ್ಟೆ ಹೊಲಿಯುತ್ತಿದ್ದ ಹೆಂಗಸರು ಮತ್ತು ಮಕ್ಕಳ ಸ್ಥಿತಿ ಅವರ ಬರಹಗಳಲ್ಲಿ ವಿವರವಾಗಿದೆ.

ಇನ್ನೊಂದು ಮಾತು: 1906ರ ಸೆಪ್ಟೆಂಬರಿಗೆ ಮುಂಚಿನ ಪೌರತ್ವ ಪತ್ರಗಳಲ್ಲಿ ಹುಟ್ಟಿದೂರು, ಹಡಗಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆ ಮೇಲಿನ ನಮೂನೆಗಳಲ್ಲಿ ಅವೆಲ್ಲ ಕಡ್ಡಾಯವಾದವು. ವಲಸಿಗರು ಬಂದಿಳಿಯುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬದಲಾಯಿಸಿದರು ಎಂಬ ಕುಟುಂಬದ ಕಥೆಯನ್ನು ಕೇಳಿದೊಡನೆ ಪ್ರಕಟಿಸಬೇಡಿ. ಪ್ರಯಾಣಿಕರ ಪಟ್ಟಿ ಹೊರಟ ಬಂದರಿನಲ್ಲೇ ತಯಾರಾಗುತ್ತಿತ್ತು. ಇಲ್ಲಿಯವರು ಅದನ್ನು ನೋಡಿ ಪರಿಶೀಲಿಸುತ್ತಿದ್ದರು. ಹೆಸರನ್ನು ಜನ ತಾವೇ, ಶಾಲೆಯಲ್ಲೋ ಕೆಲಸದ ಜಾಗದಲ್ಲೋ, ಕಾಲಾನಂತರ ಬದಲಿಸಿಕೊಂಡರು.

ಸಮಾಜಶಾಸ್ತ್ರ ಸಂಶೋಧಕ

ನನ್ನದು ಭಿನ್ನಾಭಿಪ್ರಾಯ. ವಿಳಾಸವನ್ನೇ ಘಟಕ ಮಾಡಿಕೊಂಡರೆ ಎರಡು ನಷ್ಟಗಳಿವೆ. ಮೊದಲನೆಯದು, ವಲಸಿಗರ ಬದುಕನ್ನು ಹಿಡಿದು ನಿಲ್ಲಿಸಿದ್ದು ಮನೆಗಳಲ್ಲ, ಸಂಸ್ಥೆಗಳು: ಚರ್ಚು, ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಪರಸ್ಪರ ನೆರವಿನ ಸಂಘ, ಪತ್ರಿಕೆ. ಇವುಗಳ ಸದಸ್ಯರು ಹತ್ತು ಬೀದಿಗಳಾಚೆಯೂ ಇದ್ದರು. ಒಂದು ನಿವೇಶನದ ಕಥೆಯೊಳಗೆ ಸಂಘವೊಂದರ ಕಥೆ ಹಿಡಿಸುವುದಿಲ್ಲ. ಎರಡನೆಯದು ಇನ್ನೂ ಗಂಭೀರವಾದದ್ದು. ಆ ಬಡಾವಣೆಯ ದೊಡ್ಡ ಭಾಗ ಇಂದು ಇಲ್ಲವೇ ಇಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಷಿಕಾಗೊ ಕ್ಯಾಂಪಸ್ಸಿಗಾಗಿ ಆ ಮನೆಗಳನ್ನು 1960ರ ದಶಕದಲ್ಲಿ ಕೆಡವಲಾಯಿತು. ಇಲ್ಲದ ಬಾಗಿಲಿನ ಸಂಖ್ಯೆಯನ್ನು ಓದುಗರಿಗೆ ತೋರಿಸಿ, ಕೆಡವಿದ ರಾಜಕೀಯವನ್ನು ಮರೆಸಿಬಿಟ್ಟರೆ ಅದು ನೆನಪಿನ ಅಲಂಕಾರವಾದೀತೇ ಹೊರತು ಚರಿತ್ರೆಯಾಗದು.

ಇತಿಹಾಸ ಅಧ್ಯಾಪಕಿ, ಷಿಕಾಗೊ

ಸರ್, ನಿಮ್ಮ ಎರಡನೆಯ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಪ್ರತಿ ವಿಳಾಸದ ಪುಟವೂ ಆ ಕಟ್ಟಡ ಹೇಗೆ ಇಲ್ಲವಾಯಿತೆಂಬ ವಿವರದೊಂದಿಗೇ ಮುಗಿಯಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ವಸತಿಗಳನ್ನು ಹೊಸದಾಗಿ ಕಟ್ಟಿಕೊಡುತ್ತೇವೆಂಬ ಭರವಸೆಯ ಮೇಲೆ ತೆರವು ಮಾಡಲು ಗುರುತಿಸಿದ್ದ ಜಾಗವನ್ನು 1961ರಲ್ಲಿ ಮೇಯರ್ ರಿಚರ್ಡ್ ಜೆ. ಡೇಲಿಯವರ ಆಡಳಿತ ಕ್ಯಾಂಪಸ್ಸಿಗೆ ಕೊಡಮಾಡಿತು. ಇಟಲಿಯಿಂದ ಬಂದ ದರ್ಜಿಯೊಬ್ಬರ ಮಗಳಾದ ಫ್ಲಾರೆನ್ಸ್ ಸ್ಕಾಲಾ ಅವರ ಮುಂದಾಳತನದಲ್ಲಿ ನೆರೆಹೊರೆಯ ಹೆಂಗಸರು ಮೇಯರ್ ಕಚೇರಿಯೊಳಗೆ ಧರಣಿ ಕುಳಿತರು, ನ್ಯಾಯಾಲಯಕ್ಕೆ ಹೋದರು. 1963ರಲ್ಲಿ ಸುಪ್ರೀಂ ಕೋರ್ಟಿನ ಹಂತದಲ್ಲೂ ಅವರಿಗೆ ಸೋಲಾಯಿತು. 1965ರಲ್ಲಿ ಕ್ಯಾಂಪಸ್ಸು ತೆರೆಯಿತು. ಹಲ್ ಹೌಸ್‌ನ ಹದಿಮೂರು ಕಟ್ಟಡಗಳಲ್ಲಿ ಎರಡು ಮಾತ್ರ ಉಳಿದು ಈಗ ವಸ್ತುಸಂಗ್ರಹಾಲಯವಾಗಿವೆ. ಮುಂದೆ 1994ರಲ್ಲಿ ಮ್ಯಾಕ್ಸ್‌ವೆಲ್ ಬೀದಿಯ ಸಂತೆಯನ್ನು ಅದರ ಹಳೆಯ ಜಾಗದಿಂದ ಎಬ್ಬಿಸಿದ್ದೂ ವಿಶ್ವವಿದ್ಯಾಲಯದ ವಿಸ್ತರಣೆಯ ಕಾರಣದಿಂದಲೇ.

ಮೊದಲನೆಯ ಮಾತಿಗೆ ಮಾತ್ರ ಉತ್ತರ ಕೊಡಬೇಕೆನಿಸುತ್ತದೆ. ಸಂಸ್ಥೆಗಳಿಗೂ ವಿಳಾಸವಿದೆ, ಮತ್ತು ಅದೇ ನಮ್ಮ ಅತ್ಯುತ್ತಮ ಪುಟವಾಗುವ ಲಕ್ಷಣವಿದೆ. ರೂಸ್‌ವೆಲ್ಟ್ ರಸ್ತೆಯ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚನ್ನೇ ನೋಡಿ. ಅದು 1853ರಲ್ಲಿ ಜರ್ಮನ್ ಕ್ಯಾಥೊಲಿಕರಿಗಾಗಿ ಹುಟ್ಟಿದ ಸಭೆ. ಜರ್ಮನರು ದೂರ ಸರಿದಂತೆ ಇಟಾಲಿಯನ್ನರು ಬಂದರು. 1920ರ ದಶಕದಿಂದ ಮೆಕ್ಸಿಕನ್ನರ ಮುಖ್ಯ ದೇವಾಲಯವಾಯಿತು. ಕ್ಯಾಂಪಸ್ಸು ಬಂದು ಅವರ ಮನೆಗಳು ಹೋಗಿ, ಎಷ್ಟೋ ಕುಟುಂಬಗಳು ದಕ್ಷಿಣದ ಪಿಲ್ಸೆನ್ ಬಡಾವಣೆಗೆ ಹೋದ ಮೇಲೂ ಜನ ಪ್ರಾರ್ಥನೆಗೆ ಅಲ್ಲಿಗೇ ಬರುತ್ತಿದ್ದರು. 1990ರ ದಶಕದಲ್ಲಿ ಅದನ್ನು ಕೆಡವಲು ಹೊರಟಾಗ ಭಕ್ತರು ಒಳಹೊಕ್ಕು ಕುಳಿತು ಉಳಿಸಿಕೊಂಡರು. ಜನಾಂಗದ ಪುಟಗಳಲ್ಲಿ ಈ ಚರ್ಚು ಮೂರು ತುಂಡಾಗಿ ಮೂರು ಕಡೆ ಹರಿದುಹೋಗುತ್ತಿತ್ತು.

ಜನಾಂಗದ ಯೋಜನೆಯಲ್ಲಿ ಜಾಗವೇ ಸಿಗದಿದ್ದ ಇನ್ನೊಂದು ಗುಂಪಿದೆ. ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಅಮೆರಿಕನ್ನರು ಹೊರದೇಶದವರಲ್ಲ. ಆದ್ದರಿಂದ ವಿದ್ಯಾರ್ಥಿಗಳ ಮೊದಲ ಪಟ್ಟಿಯಲ್ಲಿ ಅವರಿರಲೇ ಇಲ್ಲ. ಆದರೆ ಮ್ಯಾಕ್ಸ್‌ವೆಲ್ ಬೀದಿಯಲ್ಲಿ ಯಹೂದಿ ವ್ಯಾಪಾರಿಗಳ ಅಂಗಡಿಗಳ ಮುಂದೆ ನಿಂತು, ಒಳಗಿನಿಂದ ವಿದ್ಯುತ್ ತಂತಿ ಎಳೆದುಕೊಂಡು ಬ್ಲೂಸ್ ಸಂಗೀತ ನುಡಿಸಿದವರು ಅವರೇ. ಅಂಗಡಿಯ ವಿಳಾಸವನ್ನು ಹಿಡಿದರೆ ಇಬ್ಬರೂ ಒಂದೇ ಪುಟಕ್ಕೆ ಬರುತ್ತಾರೆ.

ಮೌಖಿಕ ಇತಿಹಾಸದ ಕಾರ್ಯಕರ್ತೆ

ದಾಖಲೆಗಳ ಚರ್ಚೆ ಚೆನ್ನಾಗಿ ನಡೆದಿದೆ. ಬದುಕಿರುವವರ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. ಆ ಮನೆಗಳಲ್ಲಿ ಬೆಳೆದವರಲ್ಲಿ ಹಲವರು ಇಂದಿಗೂ ಇದ್ದಾರೆ, ಮತ್ತು ವಿದ್ಯಾರ್ಥಿಗಳು ಖಂಡಿತ ಸಂದರ್ಶನ ಮಾಡಲು ಬಯಸುತ್ತಾರೆ.

ಅಮೆರಿಕದ ಸಂಶೋಧನಾ ನಿಯಮಾವಳಿಯ ಪರಿಷ್ಕೃತ ರೂಪ 2019ರಲ್ಲಿ ಜಾರಿಯಾದ ಮೇಲೆ ಮೌಖಿಕ ಇತಿಹಾಸವು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ನೈತಿಕ ಪರಿಶೀಲನಾ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಇದನ್ನು ಕೇಳಿ ವಿದ್ಯಾರ್ಥಿಗಳು ಅನುಮತಿಯೇ ಬೇಡವೆಂದು ಭಾವಿಸುತ್ತಾರೆ. ಸಮಿತಿ ಕೇಳದಿದ್ದರೂ ಒಪ್ಪಿಗೆ ಪತ್ರ ಬೇಕೇ ಬೇಕು. ಅದರಲ್ಲಿ ಧ್ವನಿಮುದ್ರಣ ಎಲ್ಲಿ ಇರುತ್ತದೆ, ಅಂತರ್ಜಾಲದಲ್ಲಿ ಹಾಕಲಾಗುತ್ತದೆಯೇ, ಮಾತಾಡಿದವರು ಮನಸ್ಸು ಬದಲಿಸಿದರೆ ಯಾರಿಗೆ ತಿಳಿಸಬೇಕು ಎಂಬುದು ಅವರಿಗೆ ಆಡಿ ರೂಢಿಯಿರುವ ಭಾಷೆಯಲ್ಲಿರಬೇಕು. ಸಹಿಯನ್ನು ಸಂದರ್ಶನಕ್ಕೆ ಮುಂಚೆ ಒಮ್ಮೆ ಪಡೆದು ಸುಮ್ಮನಾಗಬೇಡಿ. ಮಾತು ಮುಗಿದ ಮೇಲೆ, ತಾವು ಏನು ಹೇಳಿದೆವೆಂದು ತಿಳಿದಿರುವಾಗ, ಪ್ರಕಟಣೆಗೆ ಬೇರೆಯೇ ಸಹಿ ಪಡೆಯಿರಿ.

ಗುಟ್ಟಾಗಿಡುತ್ತೇವೆಂದು ಭಾಷೆ ಕೊಡುವಾಗ ಇನ್ನೂ ಎಚ್ಚರ ಬೇಕು. ಉತ್ತರ ಐರ್ಲೆಂಡಿನ ಹಿಂಸಾಚಾರದಲ್ಲಿ ಭಾಗಿಯಾದವರು ಬಾಸ್ಟನ್ ಕಾಲೇಜಿನ ಯೋಜನೆಗೆ ಸಂದರ್ಶನ ಕೊಟ್ಟಿದ್ದರು. ತಾವು ಬದುಕಿರುವವರೆಗೆ ಅವು ಹೊರಬರುವುದಿಲ್ಲವೆಂದು ನಂಬಿದ್ದರು. 2011ರಲ್ಲಿ ಅಮೆರಿಕ ಸರ್ಕಾರ ನ್ಯಾಯಾಲಯದ ಮೂಲಕ ಆ ಧ್ವನಿಮುದ್ರಣಗಳನ್ನು ಕೇಳಿತು, ಅವುಗಳಲ್ಲಿ ಕೆಲವನ್ನು ಒಪ್ಪಿಸಬೇಕಾಯಿತು. ವಲಸಿಗರ ಬಡಾವಣೆಯಲ್ಲಿ ಇದರ ಅರ್ಥ ಸ್ಪಷ್ಟ: ಯಾರ ಬಳಿಯೂ ವಾಸದ ಪರವಾನಗಿಯ ಬಗ್ಗೆ ಕೇಳಬೇಡಿ. ತಾವಾಗಿ ಹೇಳಿದರೆ ಆ ಭಾಗವನ್ನು ಧ್ವನಿಮುದ್ರಿಸಿಕೊಳ್ಳಬೇಡಿ. ಪ್ರಕಟಿಸದೆ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೇವೆ ಎನ್ನುವುದು ರಕ್ಷಣೆಯಲ್ಲ.

ಮೆಕ್ಸಿಕನ್ ಕುಟುಂಬಗಳ ವಿಷಯದಲ್ಲಿ ಇದಕ್ಕೆ ಹಳೆಯ ಗಾಯವೂ ಇದೆ. 1930ರ ಗಣತಿಯಲ್ಲಿ ಮಾತ್ರ ಮೆಕ್ಸಿಕನ್ ಎಂಬುದನ್ನು ಪ್ರತ್ಯೇಕ ಜನಾಂಗವೆಂದು ನಮೂದಿಸಲಾಯಿತು. ಅದೇ ದಶಕದ ಆರ್ಥಿಕ ಕುಸಿತದಲ್ಲಿ ಮೆಕ್ಸಿಕನ್ನರನ್ನು, ಅವರ ಅಮೆರಿಕದಲ್ಲಿ ಹುಟ್ಟಿದ ಮಕ್ಕಳನ್ನೂ ಸೇರಿಸಿ, ಗಡಿಯಾಚೆ ಕಳುಹಿಸಲಾಯಿತು. ಅಜ್ಜನ ಕಾಲದಲ್ಲಿ ಪಟ್ಟಿಯಲ್ಲಿ ಹೆಸರು ಬರೆಸಿದ್ದರಿಂದ ಏನಾಯಿತೆಂದು ಬಲ್ಲ ಮನೆಯವರು ಮೈಕನ್ನು ಕಂಡು ಹಿಂಜರಿದರೆ ವಿದ್ಯಾರ್ಥಿಗಳು ಅದನ್ನು ಅಸಹಕಾರವೆಂದು ಬರೆದುಕೊಳ್ಳಬಾರದು.

ಎಂ.ಎ. ವಿದ್ಯಾರ್ಥಿನಿ

ಪತ್ರಿಕೆಗಳನ್ನು ಎಷ್ಟು ನಂಬಬಹುದು? ಷಿಕಾಗೊದ ಇಪ್ಪತ್ತೆರಡು ಭಾಷಾ ಸಮುದಾಯಗಳ ಪತ್ರಿಕೆಗಳಿಂದ ಆಯ್ದ ಲೇಖನಗಳನ್ನು 1930ರ ದಶಕದಲ್ಲಿ ಸರ್ಕಾರದ ಉದ್ಯೋಗ ಯೋಜನೆಯಡಿ ಇಂಗ್ಲಿಷಿಗೆ ತಂದದ್ದು ನ್ಯೂಬೆರಿ ಗ್ರಂಥಾಲಯದ ಜಾಲತಾಣದಲ್ಲಿದೆ. ಮೂಲ ಭಾಷೆ ಬಾರದ ವಿದ್ಯಾರ್ಥಿಗಳು ಅದನ್ನೇ ಆಶ್ರಯಿಸುತ್ತಾರೆ.

ಸಮಾಜಶಾಸ್ತ್ರ ಸಂಶೋಧಕ

ಬಳಸಲಿ, ಆದರೆ ಅದು ಆಯ್ಕೆಯೆಂಬುದು ನೆನಪಿರಲಿ. ಮೊದಲೇ ಗೊತ್ತುಮಾಡಿದ ಶೀರ್ಷಿಕೆಗಳ ಕೆಳಗೆ ಹೊಂದುವುದನ್ನು ಆರಿಸಿದ್ದಾರೆ. ಬಾಡಿಗೆ ಜಾಹೀರಾತು, ಮರಣವಾರ್ತೆಗಳಂಥ ಸಣ್ಣಪುಟ್ಟ ಸುದ್ದಿಗಳಿಗಾಗಿ ಮೂಲ ಪತ್ರಿಕೆಯ ಮೈಕ್ರೋಫಿಲ್ಮಿಗೇ ಹೋಗಬೇಕು. ಇಂಗ್ಲಿಷ್ ಪತ್ರಿಕೆಗಳ ವಿಷಯದಲ್ಲಿ ಇದಕ್ಕಿಂತ ಎಚ್ಚರ ಅಗತ್ಯ. 1871ರ ಮಹಾ ಅಗ್ನಿ ಹೊತ್ತಿದ್ದು ಇದೇ ಭಾಗದ ಡಿಕೋವನ್ ಬೀದಿಯಲ್ಲಿ. ತನಿಖೆಯಲ್ಲಿ ಕಾರಣ ಸಾಬೀತಾಗದಿದ್ದರೂ ಐರಿಷ್ ವಲಸಿಗಳಾದ ಕ್ಯಾಥರಿನ್ ಓಲಿಯರಿ ಮತ್ತು ಆಕೆಯ ಹಸುವಿನ ಮೇಲೆ, ಹಸು ದೀಪ ಒದ್ದು ಬೆಂಕಿ ಹತ್ತಿತೆಂದು, ಪತ್ರಿಕೆಗಳು ಹೊರಿಸಿದ ದೂರು ಆಕೆಯನ್ನು ಸಾಯುವವರೆಗೂ ಬಿಡಲಿಲ್ಲ. ನಗರ ಸಭೆ ಆಕೆಯನ್ನು ನಿರ್ದೋಷಿಯೆಂದು ಸಾರಿದ್ದು 1997ರಲ್ಲಿ. ಆ ಬೀದಿಯ ವಿಳಾಸವನ್ನು ಯಾರಾದರೂ ಆರಿಸಿಕೊಂಡಿದ್ದರೆ ಹಸುವಿನ ಚಿತ್ರ ಹಾಕದಂತೆ ನೋಡಿಕೊಳ್ಳಿ.

ಅಧ್ಯಾಪಕಿಯವರು ಕೊಟ್ಟ ಚರ್ಚಿನ ಉದಾಹರಣೆ ನನ್ನ ಮೊದಲ ಆಕ್ಷೇಪವನ್ನು ಬಹುಮಟ್ಟಿಗೆ ಪರಿಹರಿಸಿದೆ. ಸಂಘಗಳ ವಿಷಯದಲ್ಲಿ ಮಾತ್ರ ನನ್ನ ಸಂದೇಹ ಉಳಿದಿದೆ. ಅವು ಬಾಡಿಗೆ ಸಭಾಂಗಣಗಳಲ್ಲಿ ಸೇರುತ್ತಿದ್ದವು, ಜಾಗ ಬದಲಿಸುತ್ತಿದ್ದವು.

ಗ್ರಂಥಾಲಯದ ತಾಂತ್ರಿಕ ಸಿಬ್ಬಂದಿ

ಅದಕ್ಕೆ ದಾರಿಯಿದೆ. ಒಂದು ದಾಖಲೆಗೆ ಒಂದೇ ವಿಳಾಸ ಎಂಬ ನಿಯಮ ಬೇಡ. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಕೇಂದ್ರವೊಂದು ಡಿಜಿಟಲ್ ಸಂಗ್ರಹಗಳ ಪ್ರಕಟಣೆಗಾಗಿ ರೂಪಿಸಿದ ಒಮೆಕಾ ತಂತ್ರಾಂಶವನ್ನು ಉಚಿತವಾಗಿ ಬಳಸಬಹುದು. ಅದರಲ್ಲಿ ಸಂಘವನ್ನು ಪ್ರತ್ಯೇಕ ದಾಖಲೆಯಾಗಿಟ್ಟು, ಅದು ಸೇರಿದ ಪ್ರತಿ ಸಭಾಂಗಣದ ವಿಳಾಸಕ್ಕೂ ವರ್ಷಸಹಿತ ಕೊಂಡಿ ಕೊಡಬಹುದು. ಹಳೆಯ ಸಂಖ್ಯೆ ಮತ್ತು ಹೊಸ ಸಂಖ್ಯೆಗೆ ಬೇರೆ ಬೇರೆ ಅಂಕಣಗಳಿರಲಿ, ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವುದು ಬೇಡ.

ಕುಟುಂಬದ ಫೋಟೊಗಳ ಬಗ್ಗೆ ಎಚ್ಚರಿಕೆ: ಫೋಟೊದ ಪ್ರತಿ ಕೈಯಲ್ಲಿರುವವರಿಗೇ ಹಕ್ಕುಸ್ವಾಮ್ಯವಿರುತ್ತದೆಂದು ಹೇಳಲಾಗದು, ಅದು ಮೂಲತಃ ತೆಗೆದವರದು. ಸ್ಟುಡಿಯೊ ಮುದ್ರೆ ಹಿಂಬದಿಯಲ್ಲಿದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಸ್ಟುಡಿಯೊದ ವಿಳಾಸವೂ ಅಲ್ಲೇ ಸಿಗುತ್ತದೆ. ತರಗತಿ ಮುಗಿದ ಮೇಲೆ ಜಾಲತಾಣದ ಬಾಡಿಗೆ ಕಟ್ಟುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ವಿದ್ಯಾರ್ಥಿಯೊಬ್ಬನ ಖಾಸಗಿ ಖಾತೆಯಲ್ಲಿ ಇಂಥ ಕೆಲಸವನ್ನು ಇಡಲೇಬಾರದು. ಎಲ್ಲ ಪಠ್ಯ ಮತ್ತು ಕೋಷ್ಟಕಗಳನ್ನು ಸರಳ ಕಡತಗಳಾಗಿ ಗ್ರಂಥಾಲಯಕ್ಕೂ, ಬಡಾವಣೆಯ ಚರ್ಚು ಅಥವಾ ಸಂಘಕ್ಕೂ ಒಂದೊಂದು ಪ್ರತಿ ಕೊಡಿ.

ಇತಿಹಾಸ ಅಧ್ಯಾಪಕಿ, ಷಿಕಾಗೊ

ಎಲ್ಲರಿಗೂ ಕೃತಜ್ಞತೆಗಳು. ಸಂಘಗಳಿಗೆ ಪ್ರತ್ಯೇಕ ದಾಖಲೆ, ಎರಡು ಸಂಖ್ಯೆಗಳಿಗೆ ಎರಡು ಅಂಕಣ, ಸಂದರ್ಶನಕ್ಕೆ ಎರಡು ಹಂತದ ಒಪ್ಪಿಗೆ, ಇವು ಮೂರನ್ನೂ ವಿದ್ಯಾರ್ಥಿಗಳ ಸೂಚನಾ ಪತ್ರದಲ್ಲಿ ಸೇರಿಸುತ್ತೇನೆ. ವಾಸದ ಪರವಾನಗಿಯ ಬಗ್ಗೆ ಕೇಳಬಾರದೆಂಬ ನಿಯಮ ಅದರ ಮೊದಲ ಸಾಲಾಗಿರುತ್ತದೆ. ಆರಂಭಕ್ಕೆ ಹಾಲ್‌ಸ್ಟೆಡ್ ಬೀದಿಯಲ್ಲಿ ಪೋಕ್ ಬೀದಿಯಿಂದ ರೂಸ್‌ವೆಲ್ಟ್ ರಸ್ತೆಯವರೆಗಿನ ಭಾಗವನ್ನಷ್ಟೇ ತೆಗೆದುಕೊಳ್ಳುತ್ತೇವೆ. 1893ರ ಸಮೀಕ್ಷೆಯ ನಕ್ಷೆ, 1900ರ ಗಣತಿ, ಸ್ಯಾನ್‌ಬಾರ್ನ್ ನಕ್ಷೆ ಮೂರೂ ಅಲ್ಲಿ ಒಂದರ ಮೇಲೊಂದು ಕೂಡುತ್ತವೆ.

ನಮ್ಮ ತರಗತಿಯಲ್ಲಿ ಸ್ಪ್ಯಾನಿಷ್ ಮತ್ತು ಇಟಾಲಿಯನ್ ಬಲ್ಲವರಿದ್ದಾರೆ. ಗ್ರೀಕ್ ಮತ್ತು ಯಿಡ್ಡಿಷ್ ಕೈಬರಹ ಓದಬಲ್ಲವರಿಲ್ಲ. ಅಂಥವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಈ ಚರ್ಚೆಯ ಕೆಳಗೇ ತಿಳಿಸಿ.